ನೂರಾ ಇಪ್ಪತ್ತೇಳು

ನಿವೃತ್ತಿಯ ದಿನ ಕಂಪನಿ ಶಾಲು ಹೊದಿಸಿತು, ಗೋಡೆ ಗಡಿಯಾರ ಕೊಟ್ಟಿತು,
ಜೊತೆಗೊಂದು ಲಕೋಟೆ:
ಸಂಡೂರು ಗುಡ್ಡದ ಗಾಲ್ಫ್ ರೆಸಾರ್ಟಿನಲ್ಲಿ
ಎರಡು ರಾತ್ರಿ, ಎರಡು ಮೈದಾನ, ಊಟ ಸೇರಿ.
ಚೆಂಡು ಕಳೆದರೆ ಅದರ ದುಡ್ಡು ಬೇರೆ.

ಇಪ್ಪತ್ತಾರು ವರ್ಷ ವೇಬ್ರಿಡ್ಜಿನ ಗೂಡಲ್ಲಿ ಕೂತವನು ನಾನು.
ಲಾರಿ ಬರುತ್ತಿತ್ತು, ಮುಳ್ಳು ಅಲುಗುತ್ತಿತ್ತು, ನಿಲ್ಲುತ್ತಿತ್ತು,
ಬರೆಯುತ್ತಿದ್ದೆ.
ಹಾಗಾಗಿ ಚೆಂಡು ಕೈಗೆ ಬಂದದ್ದೇ ತೂಗಿ ನೋಡಿದೆ:
ನಲವತ್ತೈದು, ಹೆಚ್ಚೆಂದರೆ ನಲವತ್ತಾರು ಗ್ರಾಂ.
‘ಅದೇನು ಅದಿರಲ್ಲ ಸರ, ಹೊಡೀರಿ’ ಎಂದ ಗಾದಿಲಿಂಗ,
ನನ್ನ ಚೀಲ ಹೊತ್ತ ಹುಡುಗ.
ಹುಡುಗ ಅಂದರೆ, ನಲವತ್ತು ದಾಟಿದವನು.

ಮೊದಲ ಹೊಡೆತಕ್ಕೆ ಹುಲ್ಲಿನ ಹೆಂಟೆ ಹಾರಿತು ದೂರ.
ಚೆಂಡು ಕೂತೇ ಇತ್ತು
ಮೊದಲ ಹಬ್ಬಕ್ಕೆ ಬಂದ ಅಳಿಯನಂತೆ.
ಗಾದಿಲಿಂಗ ಹೆಂಟೆ ಹೆಕ್ಕಿ ತಂದ, ಗಾಯಕ್ಕೆ ಮುಚ್ಚಿ ಮೆಟ್ಟಿದ.
‘ಒಂದಾತು.’
‘ಮುಟ್ಟಲೇ ಇಲ್ಲವಲ್ಲೋ!’
‘ಮುಟ್ಲಿಲ್ಲಂದ್ರೂ ಲೆಕ್ಕಕ್ಕ ಬರತೈತಿ ಸರ.’

ಅದು ಹಸಿರು ಮೈದಾನ. ಬೆಳಗಿನ ನಾಲ್ಕಕ್ಕೇ ನೀರು,
ಸುತ್ತಿ ಸುತ್ತಿ ಎರಚುವ ಕೊಳವೆಗಳು.
ಕೌಲ್ ಬಜಾರಿನ ನಮ್ಮ ಓಣಿಯ ಕೊಡಗಳು
ಸಾಲಾಗಿ ಬಂದು ಕಣ್ಣೆದುರು ನಿಂತವು;
ಹೋಗಲಿ ಎಂದು ಮುಂದೆ ನಡೆದೆ.

ನಾಲ್ಕನೆಯದರಲ್ಲಿ ಚೆಂಡು ಕಾರೆ ಕಂಟಿಯೊಳಗೆ.
ಲಕ್ಕೀಬಾಯಿ ಕುಡುಗೋಲಿನಿಂದ ಕಂಟಿ ಸರಿಸಿದಳು.
ಮೇಲೆ ರೆಸಾರ್ಟಿನ ಬೂದು ಅಂಗಿ, ಕೊರಳ ತನಕ ಗುಂಡಿ;
ಕೆಳಗೆ ಅಂಚಿನಲ್ಲಿ ಮಾತ್ರ
ನಿಯಮಕ್ಕೆ ಸಿಗದ ಒಂದು ಕನ್ನಡಿ, ಬಿಸಿಲಿಗೆ ಚುಚ್ಚುತ್ತಿತ್ತು.
ಸೆರಗಿನ ಗಂಟು ಬಿಚ್ಚಿದರೆ ಹನ್ನೊಂದು ಚೆಂಡು.
‘ಇಪ್ಪತ್ತಕ್ಕೊಂದು.’
‘ಇದು ನನ್ನದೇ ಅಲ್ಲವೇನಮ್ಮಾ?’
‘ಕಳಕೊಂಡಿದ್ದು ನಿಮ್ದು. ಇದು ಸಿಕ್ಕಿದ್ದು.’
ಎರಡು ಕೊಂಡೆ.

ಮರುದಿನ ಕಂದು ಮೈದಾನ.
ಮುಚ್ಚಿದ ಗಣಿಯ ಮಣ್ಣುಗುಡ್ಡೆ ತಟ್ಟಿ ಮಾಡಿದ್ದು,
ಹುಲ್ಲೆಂಬುದಿಲ್ಲ. ಕುಳಿಯ ಸುತ್ತ
ಎಣ್ಣೆ ಕಲಸಿದ ಮರಳು, ರೊಟ್ಟಿ ಹಂಚಿನಷ್ಟು ನುಣುಪು.
ಆಡಿ ಮುಗಿದ ಮೇಲೆ ಹಗ್ಗ ಕಟ್ಟಿದ ಚಾಪೆ ಎಳೆದು
ನಮ್ಮ ಹೆಜ್ಜೆ ನಾವೇ ಅಳಿಸಬೇಕು, ಹಿಂದೆ ಬರುವವರಿಗಾಗಿ.

ಏಳನೆಯ ಕುಳಿ.
ಈ ತಿರುವು ನನಗೆ ಗೊತ್ತು.
ಈ ಬೇವು, ಅದರ ಕೊರಳಲ್ಲಿ ತೊಗಟೆ ನುಂಗಿದ ತಂತಿ,
ನನ್ನ ಊಟದ ಡಬ್ಬಿ ತೂಗಿದ್ದ ತಂತಿ.
‘ಗಾದಿಲಿಂಗಾ, ಮೊದಲು ಇಲ್ಲೇನಿತ್ತು?’
‘ಮೊದಲಿಂದ ಮೈದಾನನ ಸರ. ನಾ ಬಂದು ಐದು ವರ್ಷಾತು.’

ಲಾರಿಯ ಮುಂಗಾಲಿ ನಿಲ್ಲುತ್ತಿದ್ದಲ್ಲಿ
ಈಗ ಬಾವುಟ.
ಎದುರಿನ ಗುಡ್ಡಕ್ಕೆ ಒಂದು ಹೆಗಲಿಲ್ಲ.
ಅದರ ರಸೀದಿ ನನ್ನ ಅಕ್ಷರದಲ್ಲಿದೆ.

ಮೆಲ್ಲನೆ ತಳ್ಳಿದೆ. ಚೆಂಡು ಉರುಳಿತು,
ಅಂಚಿಗೆ ಬಂದು ನಡುಗಿತು, ಅತ್ತಲೋ ಇತ್ತಲೋ.
ಉಸಿರು ಬಿಗಿ ಹಿಡಿದಿದ್ದೆ, ಹಳೆಯ ಚಟ,
ಮುಳ್ಳು ನಿಲ್ಲುವ ತನಕ.
ಬಿತ್ತು.
ಚಾಪೆಗೆ ಕೈ ಹಾಕಿದ ಗಾದಿಲಿಂಗನನ್ನು ತಡೆದೆ.
‘ಕೊಡು, ನಾನೇ ಎಳೀತೀನಿ.’
ಒಂದು ಸುತ್ತು ಎಳೆದೆ. ಸಾಲದೆನಿಸಿತು. ಇನ್ನೊಂದು.
ಹಿಂದಿನ ತಂಡದವರು ಕೆಮ್ಮಿದರು.

ಒಂಬತ್ತೇ ಕುಳಿಗಳನ್ನು ಎರಡು ಸಲ ಆಡಿ
ಲೆಕ್ಕ ಕೂಡಿದಾಗ ನೂರಾ ಇಪ್ಪತ್ತೇಳು.
‘ಸೆಂಚುರಿ ಸರ!’ ಗಾದಿಲಿಂಗನ ನಗೆಯಲ್ಲಿ ಕೇಡಿರಲಿಲ್ಲ.
ಇಲ್ಲಿ ಕಡಿಮೆ ಹೊಡೆದವರೇ ಗೆದ್ದಂತೆ;
ತಡವಾಗಿ ತಿಳಿಯಿತು ಈ ಆಟ.

ರಾತ್ರಿ ಫೋನಿನಲ್ಲಿ ಪಂಪಾವತಿ:
‘ಎಷ್ಟು ಹೊಡದ್ರಿ?’
ಹೇಳಿದೆ.
‘ಅಯ್ಯ, ಅಷ್ಟಾ! ಹಂಗಾರ ಗೆದ್ರಿ ಬಿಡ್ರಿ.’
ಹೂಂ ಎಂದೆ.

ಶೂ ಬಿಚ್ಚಿ ಮೆಟ್ಟಿಲಿಗೆ ಕುಟ್ಟಿದೆ.
ಉದುರಿತು ಒಂದು ಹಿಡಿ ಕೆಂಪು.
ಬಳಿದೆತ್ತಿಕೊಂಡೆ, ದೀಪದ ಕೆಳಗೆ.
ಚೆಂಡಿಗಿಂತ ಭಾರ.