ಹುಳುಕು

ಲೆನ್ ಥರ್ಕೆಟಲ್ ಪುಟ್ಟ ಸುತ್ತಿಗೆ ಹಿಡಿದು
ಅವಳ ಪಕ್ಕೆಯ ಉದ್ದಕ್ಕೂ ತಟ್ಟುತ್ತ ಹೋದ.
ಟಣ್, ಟಣ್, ಟಣ್, ಆಮೇಲೆ ಒಂದು ಕಡೆ
ದೊಪ್.
ನನಗೆ ತಕ್ಷಣ ಗೊತ್ತಾಯಿತು. ಮೂವತ್ತೊಂದು ವರ್ಷ
ನಾನೂ ಇದನ್ನೇ ಮಾಡಿದ್ದೇನೆ, ಇನ್ನೊಬ್ಬರ ಬಾಯೊಳಗೆ.
ಇಂಗ್ಲಿಷಿನಲ್ಲಿ ಹಲ್ಲಿಗೊಂದು, ಮರಕ್ಕೊಂದು ಮಾತು;
ನಮ್ಮಲ್ಲಿ ಎರಡಕ್ಕೂ ಒಂದೇ.
ಅವನಿಗೆ ಹೇಳಿಕೊಟ್ಟೆ. "ಹುಲುಕು," ಅಂದ,
ಬೆರಳನ್ನು ಮರದೊಳಗೆ ಗೆಣ್ಣಿನವರೆಗೆ ಇಳಿಸಿ.

ವುಡ್‌ಬ್ರಿಜ್, ಡೆಬೆನ್ ನದಿ, ಫೆಬ್ರುವರಿ.
ಇಳಿತದ ಹೊತ್ತು, ನೀರಿಗಿಂತ ಕೆಸರೇ ಹೆಚ್ಚು.
ಟಾರ್ಪಾಲಿನ ಕೆಳಗೆ ಐವತ್ತೆರಡು ಅಡಿ ಇಸೋಬೆಲ್.
ಸಾಬೂನು ಮಾರಿ ಶ್ರೀಮಂತನಾದ ಯಾರೋ ಒಬ್ಬ
ಮೂವತ್ತನಾಲ್ಕರಲ್ಲಿ ತನ್ನ ಭಾನುವಾರಗಳಿಗೆಂದು ಕಟ್ಟಿಸಿದ್ದು.
ವಾಲ್‌ನಟ್ ಹಲಗೆಯ ಹಜಾರ, ಸೀಸೆಗಳು ಉರುಳದಂತೆ
ಒಂದೊಂದಕ್ಕೂ ಕೊರೆದ ಗುಂಡನೆಯ ಮನೆ,
ಮಂಡಿ ಮಡಿಸಿ ಕೂರುವಷ್ಟು ತಾಮ್ರದ ತೊಟ್ಟಿ,
ಹಾಸಿಗೆಯ ಬಳಿ ಆನೆದಂತದ ಒಂದು ಗುಂಡಿ.
ಒತ್ತಿದರೆ ಓಡಿ ಬರಬೇಕಿದ್ದವನ ಗೂಡು
ಮೂತಿಯ ತುದಿಯಲ್ಲಿ, ಲಂಗರಿನ ಸರಪಳಿಯ ಪಕ್ಕ;
ನನ್ನ ಎಕ್ಸ್‌ರೇ ಕೋಣೆಗಿಂತ ಚಿಕ್ಕದು.
ಅಲ್ಲಿ ನಿಂತು ಮೊದಲು ನಾಚಿದೆ.
ಆಮೇಲೆ ಹೊರಗೆ ಬಂದು ಬೆಲೆ ಕೇಳಿದೆ.

ಒಂದು ಪೌಂಡು.
"ಆನೆ ಪುಕ್ಕಟೆ ಸಿಕ್ಕರೂ ಕಬ್ಬಿಗೆ ಎಲ್ಲಿಗೆ ಹೋಗ್ತೀಯ?"
ಚನ್ನವೀರ ಅಂದ. ಲೆಕ್ಕಪತ್ರ ಅವನ ಕಸುಬು.
ಅಂದರೂ ಕೆಂಪು ರಟ್ಟಿನ ಪುಸ್ತಕ ತೆರೆದ.

ತೇಗದ ಹಲಗೆ, ಹದಿನೇಳು.
ತಾಮ್ರದ ಮೊಳೆ, ಬೆಳ್ಳಿಯ ಹಾಗೆ ತೂಗಿ ತೂಗಿ.
ಬಲದ ಎಂಜಿನ್ನಿಗೆ ಜೀವ ಬಂತು, ಎಡದ್ದು ಸತ್ತಿತು.
ಅದರ ಬಿಡಿಭಾಗ ಸ್ಕಾಟ್ಲೆಂಡಿನ ಯಾವುದೋ ಕೊಟ್ಟಿಗೆಯಲ್ಲಿ
ಸಿಕ್ಕಿದ ದಿನ, ರೋಗಿಯ ಬಾಯಲ್ಲಿ ಹತ್ತಿ ಇಟ್ಟು
ಹೊರಗೆ ಬಂದು ಕುಣಿದೆ.
ವಾರ್ನಿಷು ಏಳು ಕೋಟು, ಮಳೆಗೆ ಮೂರು ಹಾಳು, ಮತ್ತೆ ಮೂರು.
ಲೆನ್‌ನ ಕೂಲಿ, ಗಂಟೆಗೆ, ಚಹಾದ ಹೊತ್ತೂ ಸೇರಿ.
ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು
ಸಮುದ್ರ ನೋಡಿರಲಿಲ್ಲ.
ಮೊದಲ ವರ್ಷ ಕಾರು ಹೋಯಿತು. ಎರಡನೆಯ ವರ್ಷ
ಕ್ಲಿನಿಕ್ಕಿನಲ್ಲಿದ್ದ ನನ್ನ ಪಾಲು.
ಮೂರನೆಯ ವರ್ಷ ಚನ್ನವೀರ ಕೂಡಿಸುವುದನ್ನು ಬಿಟ್ಟ,
ಬರೀ ಬರೆದುಕೊಳ್ಳುತ್ತಿದ್ದ.
ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದೆಂದರೆ ಇದೇ, ಅಂದ ಒಂದು ಸಂಜೆ.
ಹುಳಿ ಹೋಯಿತು, ನಿಜ. ಹೊಳೆಗೆ ಏನಾದರೂ
ರುಚಿ ಬಂತೇ, ಅದನ್ನು ಯಾರೂ ಕೇಳಲಿಲ್ಲ.

ಯಾಕೆ ಅಂದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟೆ.
ನಿಜ ಹೇಳಿದರೆ, ಜನ ನನ್ನೆದುರು ಬಾಯಿ ತೆರೆಯುವುದು
ಬೇಗ ಮುಚ್ಚಿಕೊಂಡು ಹೋಗುವುದಕ್ಕೆ.
ನಾನು ತುಂಬಿದ ಒಂದು ಹಲ್ಲನ್ನೂ
ದೂರ ನಿಂತು, ಹಗಲಿನಲ್ಲಿ, ನೋಡಿದ್ದಿಲ್ಲ.
ಇಲ್ಲಿ ಒಂದು ಹಲಗೆ ಕೂರಿಸಿ, ಹತ್ತು ಹೆಜ್ಜೆ ಹಿಂದೆ ಸರಿದು,
ಕೆಸರಲ್ಲಿ ಬೂಟು ಹೂತು,
ನೋಡಬಹುದು.

ಏಪ್ರಿಲ್ ಒಂಬತ್ತಕ್ಕೆ ನೀರಿಗಿಳಿಸಿದರು.
ಸೋರಿದಳು. ಎಲ್ಲ ಕಡೆಯಿಂದ, ಜರಡಿಯ ಹಾಗೆ.
ನಾನು ಕಿರುಚಿದೆ. ಲೆನ್ ಸ್ಯಾಂಡ್‌ವಿಚ್ ಬಿಚ್ಚುತ್ತಿದ್ದ.
"ಆರು ವರ್ಷ ಒಣಗಿದ್ದಾಳೆ. ಕುಡಿಯಲಿ ಬಿಡಿ.
ಮರ ಉಬ್ಬಿದರೆ ಸಂದುಗಳು ತಾವೇ ಮುಚ್ಚುತ್ತವೆ.
ಮುಚ್ಚದಿದ್ದರೆ," ಅಂದು ಸ್ಯಾಂಡ್‌ವಿಚ್ ಕಚ್ಚಿದ.
ಕ್ರೇನಿನ ಪಟ್ಟಿಯಲ್ಲಿ ಅವಳನ್ನು ತೂಗುಬಿಟ್ಟು,
ಪಂಪು ಹಚ್ಚಿ, ಮನೆಗೆ ಹೋದ.

ರಾತ್ರಿ ದಂಡೆಯ ಮೇಲೆ, ಮಡಚುವ ಕುರ್ಚಿಯಲ್ಲಿ ನಾನು.
ಪಂಪು ಗೊರಗುಟ್ಟುತ್ತದೆ, ನಿಲ್ಲುತ್ತದೆ, ಗೊರಗುಟ್ಟುತ್ತದೆ.
ಎರಡು ಗಂಟೆಗೆ ಚನ್ನವೀರ ಬಂದ. ಫ್ಲಾಸ್ಕು, ಕಂಬಳಿ,
ಕಂಕುಳಲ್ಲಿ ಕೆಂಪು ಪುಸ್ತಕ. ಈಗ ಬೇಡ, ಅಂದೆ.
ಅವನು ಮಾತಾಡದೆ, ಟಾರ್ಚು ಹಲ್ಲಲ್ಲಿ ಕಚ್ಚಿ,
ಪೌಂಡಿನ ಸಾಲಿನಲ್ಲಿ ಬರೆಯತೊಡಗಿದ,
ಒಮ್ಮೆ ನಿಂತ ಪಂಪು ಮತ್ತೆ ಹತ್ತಲು ಎಷ್ಟು ನಿಮಿಷ:
ನಾಲ್ಕು. ನಾಲ್ಕು. ಐದು.
ನಾಲ್ಕು.
ಬಾತುಗಳು ಎದ್ದು ಕೂಗುವ ಹೊತ್ತಿಗೆ ಒಂಬತ್ತು.
ಆಮೇಲೆ ಸದ್ದೇ ಇಲ್ಲ. ಅವನ ಪೆನ್ನು
ಕಾಗದಕ್ಕಿಂತ ಒಂದು ಕೂದಲೆಳೆ ಮೇಲೆ.

ಹದಿಮೂರು, ಅಂದ, ಅದು ಮತ್ತೆ ಗೊರಗುಟ್ಟಿದಾಗ.
ಬರೆದ. ಕೆಳಗೆ ಗೆರೆ ಎಳೆದ.
ಕೂಡಿಸಲಿಲ್ಲ.