ಚುಕ್ಕಿ

ಫ್ಯಾರೋ ದ್ವೀಪದ ಕ್ಲಾಕ್ಸ್‌ವಿಕ್‌ನಲ್ಲಿ, ಮೀನು ಕಾರ್ಖಾನೆಯ ಅಟ್ಟದ ಮೇಲೆ
ರನ್ವಾ ಒಂದೇ ಕಡತ ಬರೆದಳು, ನಲವತ್ತು ಲಿನಕ್ಸ್ ಯಂತ್ರಗಳಿಗೆ:
ನಿನ್ನ ಹೆಸರು ಇದು, ವಿಳಾಸ ಇದು,
ಹೊರಗೆ ಹೋಗುವ ಬಾಗಿಲು ಇದು,
ಕರೆಂಟು ಹೋಗಿ ಬಂದರೆ ನೀನಾಗಿಯೇ ಎದ್ದು ನಿಲ್ಲು.

ಹೇಗೆ ಮಾಡಬೇಕೆಂದು ಹೇಳಲಿಲ್ಲ,
ಹೇಗಿರಬೇಕೆಂದಷ್ಟೇ.
ಆಗಲೇ ಹಾಗಿದ್ದವು ಸುಮ್ಮನಿದ್ದವು.

ಮೂವತ್ತೊಂಬತ್ತು ಓಗೊಟ್ಟವು.
ಸ್ವೀನೊಯ್ ದ್ವೀಪದ್ದು ಮಾತ್ರ ಇಲ್ಲ.
ಅದರ ಗೇಟ್‌ವೇಯಲ್ಲಿ ಒಂದಂಕಿ ತಪ್ಪಿತ್ತು:
ಯಾವ ದಾರಿಯಲ್ಲಿ ಮಾತು ಹೋಯಿತೋ
ಅದೇ ದಾರಿ ಮುಚ್ಚು ಎಂದಿತ್ತು ಆ ಮಾತು.
ಯಂತ್ರ ವಿಧೇಯ.
ಮುಚ್ಚಿತು.

ಅಲೆ ಜೋರು, ಇನ್ನು ದೋಣಿ ಗುರುವಾರಕ್ಕೆ.
ಫೋನೆತ್ತಿದ್ದು ಬಿರೀತಾ, ಕುರಿಗೆ ಮೇವು ಹಾಕಿ ಬಂದವಳು,
ಒದ್ದೆ ಕೈಗವಸು ಬಿಚ್ಚಿ ಕೀಲಿಮಣೆಯ ಧೂಳು ಊದಿದಳು.
‘ಒಂದೊಂದೇ ಹೇಳು. ಕನ್ನಡಕ ಮನೆಯಲ್ಲಿದೆ.’

ಹತ್ತು. ಚುಕ್ಕಿ. ಇಪ್ಪತ್ತು. ಚುಕ್ಕಿ.
‘ಚುಕ್ಕಿ ಅಂದರೆ ಮುಗಿಯಿತು ಅಂತಲೇ?’
‘ಅಲ್ಲ ಬಿರೀತಾ, ಇನ್ನೂ ಇದೆ ಅಂತ.’

ಹನ್ನೊಂದು ನಿಮಿಷ. ನಡುವೆ ಒಮ್ಮೆ ಕುರಿ ಕೂಗಿತು.

ಆಮೇಲೆ ರನ್ವಾ ತಿದ್ದಿದ ಕಡತವನ್ನು ಇನ್ನೊಮ್ಮೆ ಓಡಿಸಿದಳು,
ನಲವತ್ತಕ್ಕೂ.
ಬದಲಾದದ್ದು: ಸೊನ್ನೆ.
ಆ ಸೊನ್ನೆಯನ್ನೇ ನೋಡುತ್ತ
ಆರಿದ ಕಾಫಿಯನ್ನು ಪೂರ್ತಿ ಕುಡಿದಳು.