ಬೆಂಕಿಯಲ್ಲ, ಬಸಲಿಂಗ

ಮೊದಲು ಪ್ಯಾನೆಲ್ಲಿನ ಬಾಗಿಲು ತೆಗೆದು
ನಾಲ್ಕನೇ ಝೋನಿನ ಬಾಯಿ ಕಟ್ಟುತ್ತೇನೆ.
ಗೇಟಿನ ಖಲ್ಫಾನನಿಗೆ ಹೇಳುತ್ತೇನೆ:
ಇನ್ನೊಂದು ಗಂಟೆ ಕೆಂಪು ದೀಪ ಬಂದರೆ ಓಡಬೇಡ,
ಅದು ನಾನು.
ಅವನು ವಹಿಯಲ್ಲಿ ಬರೆದುಕೊಳ್ಳುತ್ತಾನೆ:
ಬೆಂಕಿಯಲ್ಲ, ಬಸಲಿಂಗ.

ಸೊಹಾರಿನ ಲೇಬರ್ ಕ್ಯಾಂಪು, ಇನ್ನೂರು ಜನರ ಅಡುಗೆಮನೆ.
ಹೊಗೆ ಕಂಡು ಕೂಗುವ ಜಾತಿ ಇಲ್ಲಿ ಬಾಳುವುದಿಲ್ಲ,
ಒಗ್ಗರಣೆಗೊಮ್ಮೆ ಊರು ಎಬ್ಬಿಸೀತು.
ಅದಕ್ಕೇ ಸೂರಿಗೆ ಬೋರಲು ಅಂಟಿದ ಈ ಬಿಳಿ ಬಟ್ಟಲುಗಳು.
ಹೊಗೆಯನ್ನು ಮನ್ನಿಸುತ್ತವೆ, ಕಾವನ್ನಷ್ಟೇ ಲೆಕ್ಕ ಇಡುತ್ತವೆ.

ಉದ್ದ ಕೋಲಿನ ತುದಿಗೆ ಬಿಸಿಗಾಳಿಯ ಟೋಪಿ.
ಒಂದೊಂದರ ಮುಖಕ್ಕೆ ಹಿಡಿದು ನಿಲ್ಲುತ್ತೇನೆ,
ಟೀಕಾರಾಮ ಎಣಿಸುತ್ತಾನೆ ನೇಪಾಳಿಯಲ್ಲಿ.
ಹನ್ನೊಂದು: ಕಣ್ಣು ಕೆಂಪಾಯಿತು, ಪಾಸು.
ಹನ್ನೆರಡು, ಪಾಸು.
ಹದಿಮೂರರ ಮುಖಕ್ಕೆ ಯಾರೋ ಗೋಡೆಯ ಜೊತೆಗೇ ಬಣ್ಣ ಬಳಿದಿದ್ದಾರೆ.
ಎಷ್ಟು ಕಾಯಿಸಿದರೂ ಕಣ್ಣು ಬಿಡದು.
ಬದಲಿಸಿ, ಎಂದು ಬರೆದೆ.

ಇವು ನಿಮಿಷಕ್ಕೆ ಎಂಟು ಡಿಗ್ರಿ ಏರಿದರೆ ಕೂಗುವಂಥವು.
ನಿಧಾನ ಏರಿದ್ದು ಇವಕ್ಕೆ ತಿಳಿಯುವುದೇ ಇಲ್ಲ.
ಶಹಾಬಾದಿನ ಕಲ್ಲುಖಣಿಯ ಬಿಸಿಲುಂಡವನು ನಾನು,
ಹನ್ನೊಂದು ಜೂನ್ ಇಲ್ಲೇ ಕಳೆದೆ,
ಒಂದು ಸಲವೂ ಕೂಗಲಿಲ್ಲ.

ಗ್ಯಾಸಿನ ಕೋಣೆಯವು ಬೇರೆ.
ಒಳಗೊಂದು ಬೆಸುಗೆಯ ಹನಿ, ಐವತ್ತೇಳಕ್ಕೆ ಕರಗುತ್ತದೆ,
ಒಂದೇ ಸಲ. ಕರಗಿದ್ದು ಮತ್ತೆ ಕೂಡುವುದಿಲ್ಲ.
ಟೋಪಿ ಹಿಡಿದರೆ ಪರೀಕ್ಷೆ ಪಾಸು, ಬಟ್ಟಲು ಸತ್ತಂತೆ.
ಹೀಗಾಗಿ ವಯಸ್ಸಾದ ಮೇಲೆ ನೂರರಲ್ಲಿ ಎರಡನ್ನು ಬಿಚ್ಚಿ
ಮಸ್ಕತ್ತಿನ ಲ್ಯಾಬಿಗೆ ಒಯ್ದು ಕರಗಿಸುತ್ತಾರೆ.
ಅವು ಸರಿಯಾಗಿ ಕರಗಿದರೆ
ಉಳಿದ ತೊಂಬತ್ತೆಂಟನ್ನು ನಂಬಬಹುದು.

ಇವತ್ತು ಎರಡು ಬಿಚ್ಚಿದೆ.
ಸೌಟು ಹಿಡಿದೇ ಬಂದ ಬೊನಿಫಾಸ್ ಕೇಳಿದ,
‘ಹಾಳಾಗಿದ್ದಾ?’
‘ಇಲ್ಲ, ಛಲೋ ಅದಾವ. ಅದಕ್ಕ ತಗದೀನಿ.’
ಸ್ವಲ್ಪ ಹೊತ್ತು ನೋಡಿದ.
‘ಓ, ಅನ್ನ ಬೆಂದಿದ್ದಾ ಅಂತ ಒಂದಗುಳು ಹಿಚುಕಿದ ಹಾಗೆ.’
‘ಹಿಚುಕಿದ್ದನ್ನ ಏನ್ ಮಾಡ್ತಿ?’
‘ತಿಂದುಬಿಡೋದು ಮಾರಾಯ, ಬಿಸಾಡ್ಲಿಕ್ಕುಂಟಾ?’

ಹೋದ ಜುಲೈ ಮಧ್ಯಾಹ್ನ ಎರಡಕ್ಕೆ
ಇದೇ ಕ್ಯಾಂಪಿನ ತಗಡಿನ ಅಟ್ಟದ್ದೊಂದು ತಾನಾಗಿ ಕರಗಿ ಕೂಗಿತ್ತು.
ಇನ್ನೂರು ಜನ ಹೊರಗೆ ಬಂದು
ಹಸಿರು ಬೋರ್ಡಿನ ಕೆಳಗೆ, ನೆರಳಿಲ್ಲದಲ್ಲಿ, ಸಾಲು ನಿಂತರು.
ಹುಡುಕಿದರು. ಬೆಂಕಿಯಿಲ್ಲ, ಸುಳ್ಳು ಅಲಾರಂ ಎಂದರು,
ಎಲ್ಲರೂ ಒಳಗೆ ಹೋಗಿ ಎಂದರು.
ಬಟ್ಟಲು ಸುಳ್ಳು ಹೇಳಿರಲಿಲ್ಲ.
ಈಗ ಅಲ್ಲಿ ತೊಂಬತ್ತರದ್ದು ಹಾಕಿದ್ದೇವೆ.

ಝೋನಿನ ಬಾಯಿ ಬಿಚ್ಚಿ ಖಲ್ಫಾನನ ಸಹಿ ಪಡೆದೆ.
‘ಈಗ ಕೆಂಪಾದರೆ?’
‘ಈಗ ಓಡು.’

ಆ ಎರಡನ್ನು ಪಿಕಪ್ಪಿನ ಡ್ಯಾಶ್‌ಬೋರ್ಡಿನ ಮೇಲಿಡುವಂತಿಲ್ಲ,
ಲ್ಯಾಬು ಮುಟ್ಟುವ ಮುಂಚೆ ದಾರಿಯಲ್ಲೇ ಕರಗಿಯಾವು.
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ಐಸ್ ಪೆಟ್ಟಿಗೆಯಲ್ಲಿ ಮಜ್ಜಿಗೆಯ ಬಾಟಲಿಗಳ ನಡುವೆ
ಜಾಗ ಮಾಡಿ ಮಲಗಿಸಿದೆ.
ಟೀಕಾರಾಮ ಮುಚ್ಚಳ ಹಾಕಿ, ಅದರ ಮೇಲೆ ಕೂತ.